ಸುನೀಲನ ಸೈಕಲ್ಲಿನ ಮೇಲೆ ನಮ್ಮ ಮೋಹನ

ನಮ್ಮ ಮೋಹನ್‌ಕುಮಾರನಿಗೆ ಹೊಟ್ಟೆಕಿಚ್ಚು ಎಂದರೆ ಬೆಳಗಿನ ಕಾಫಿ ಇದ್ದ ಹಾಗೆ. ಅದು ಒಳಗೆ ಇಳಿಯದೆ ಅವನಿಗೆ ದಿನ ಶುರುವಾಗುವುದಿಲ್ಲ. ನಾನು ಅವನ ದೊಡ್ಡಪ್ಪನ ಮಗ, ಪಕ್ಕದ ಮನೆಯವನು, ಊರ ಹಾಲಿನ ಡೇರಿಯ ಸೆಕ್ರೆಟರಿ. ಅವನು ಚಡ್ಡಿ ಹಾಕಲು ಕಲಿತಾಗಿನಿಂದ ನೋಡಿದ್ದೇನೆ, ಹಾಗಾಗಿ ಇಷ್ಟು ಹೇಳುವ ಹಕ್ಕು ನನಗಿದೆ. ಕೆಟ್ಟವನಲ್ಲ ಮಾರಾಯರೇ. ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡುವವನು ಅವನೇ. ಯಾರ ಹೊಲದಲ್ಲಿ ಹೊಗೆಸೊಪ್ಪು ಮುರಿಯಲು ಆಳು ಸಾಲದಿದ್ದರೂ ಪಂಚೆ ಎತ್ತಿ ಕಟ್ಟಿ ಇಳಿಯುವವನೂ ಅವನೇ. ಆದರೆ ಅದೇ ಮನೆಯವರು ಹೊಸ ಗೇಟು ಹಾಕಿಸಿದರೋ, ಮುಗಿಯಿತು, ಎರಡು ದಿನ ಅವನಿಗೆ ಊಟ ಸೇರುವುದಿಲ್ಲ.

ಊರಿನವರ ಮೇಲಿನದೆಲ್ಲ ಬಂದು ಹೋಗುವ ಹೊಟ್ಟೆಕಿಚ್ಚು. ಸುನೀಲ್‌ಕುಮಾರನ ಮೇಲಿನದು ಮಾತ್ರ ಕಾಯಂ. ಇಬ್ಬರೂ ರಾಮನಾಥಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಸುನೀಲ ಈಗ ಅರಕಲಗೂಡಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಪಕ್ಕದ ಊರಿನಲ್ಲಿ ಅವರಪ್ಪನ ಹೊಗೆಸೊಪ್ಪಿನ ಹೊಲವೂ ಇದೆ. ಅವನು ತನ್ನ ಬಚ್ಚಲಿಗೆ ಹೂವಿನ ಟೈಲ್ಸ್ ಹಾಕಿಸಿದ ವರ್ಷ ಮೋಹನನೂ ಹಾಕಿಸಿದ. ಅದೂ ಸುನೀಲನ ಅಂಗಡಿಯಲ್ಲೇ ಕೊಂಡು, ಅವನ ಮನೆಗಿಂತ ಒಂದು ಸಾಲು ಎತ್ತರಕ್ಕೆ. ಮೋಹನನ ಹೆಂಡತಿ ಮಾನಸಾ ಇದನ್ನು ಎಲ್ಲರೆದುರೂ ಹೇಳುತ್ತಾಳೆ: "ನಮ್ಮೆಜಮಾನ್ರು ಒಟ್ಟೆ ಉರ್ಕೊಳ್ದೇ ಇದ್ದಿದ್ರೆ ನಮ್ಗೆ ಬಚ್ಲುಮನೇನೇ ಇರ್ತಿರ್ಲಿಲ್ಲ ಕಣ್ ಭಾವ."

ಇದರಲ್ಲಿ ಮೋಹನನಿಗೆ ತಡೆಯಲಾಗದ ಸಂಗತಿ ಏನೆಂದರೆ, ಸುನೀಲನಿಗೆ ಇದ್ಯಾವುದೂ ಗೊತ್ತೇ ಇಲ್ಲ. ಏನು ಹೊಸದು ಕೊಂಡರೂ ಮೊದಲು ಮೋಹನನ ಮನೆಗೇ ತಂದು ತೋರಿಸುತ್ತಾನೆ. "ನೋಡ್ಲಾ, ಎಂಗೈತೆ?" ಎಂದು ಹೆಗಲ ಮೇಲೆ ಕೈ ಹಾಕುತ್ತಾನೆ. ಮೋಹನ ಹಲ್ಲು ಕಚ್ಚಿಕೊಂಡು "ಚೆನ್ನಾಗೈತೆ ಕಣ್ಲಾ" ಅನ್ನುತ್ತಾನೆ.

ಸೈಕಲ್ಲಿನ ಹುಚ್ಚು ನಮಗೆ ಹಿಡಿದದ್ದು ಡಾಕ್ಟರು ಎಲ್ಲರ ಸಕ್ಕರೆ ನೋಡಿ ಬೈದ ಮೇಲೆ. ಮೋಹನ, ಸುನೀಲ, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ರಂಗಸ್ವಾಮಿ, ಕೊನೆಗೆ ನಾನು. ಭಾನುವಾರ ಬೆಳಿಗ್ಗೆ ಹೊಳೆನರಸೀಪುರದಲ್ಲಿ ಎಲ್ಲರೂ ಕೂಡಿ, ಹರದನಹಳ್ಳಿ ಕಡೆ ಒಂದು ಸುತ್ತು ಹೋಗಿ, ಕಳೆದುಕೊಂಡದ್ದಕ್ಕಿಂತ ಹೆಚ್ಚನ್ನು ಹೋಟೆಲಿನಲ್ಲಿ ತುಂಬಿಕೊಂಡು ಬರುತ್ತಿದ್ದೆವು.

ಬಿಸಿಲೆ ಘಾಟಿಯ ಕಾಡು ಹಾದು ಸೈಕಲ್ಲಿನಲ್ಲಿ ಕುಕ್ಕೆಗೆ ಇಳಿಯಬೇಕು ಎಂದು ಮೊದಲು ಬಾಯಿ ಬಿಟ್ಟವನು ಮೋಹನ. ಇದಕ್ಕೆ ನಾನೇ ಸಾಕ್ಷಿ. ಅವನ ಅಪ್ಪ, ಅಂದರೆ ನನ್ನ ಚಿಕ್ಕಪ್ಪ, ಎತ್ತಿನ ಜೋಡಿ ಹೊಡೆದುಕೊಂಡು ಅದೇ ಘಾಟಿ ಇಳಿದು ಕುಲ್ಕುಂದದ ದನದ ಜಾತ್ರೆಗೆ ಹೋಗುತ್ತಿದ್ದವರು. ಕಾಡಿನ ನಡುವೆ ಮೂರು ಕಲ್ಲು ಹೂಡಿ ಮುದ್ದೆ ಬೇಯಿಸಿದ್ದು, ಆನೆ ಲದ್ದಿ ಮುಟ್ಟಿ ನೋಡಿ ಬಿಸಿಯಿದ್ದರೆ ಅಲ್ಲೇ ನಿಂತದ್ದು, ಮೋಡ ಕಾಲ ಕೆಳಗೆ ಹೋಗುವುದನ್ನು ಕಂಡದ್ದು, ಈ ಕಥೆಗಳನ್ನು ಕೇಳುತ್ತಲೇ ಮೋಹನ ಬೆಳೆದ. ಅಪ್ಪ ಒಂದು ಸಲವಾದರೂ ಕರೆದುಕೊಂಡು ಹೋಗುತ್ತಾರೆ ಎಂದು ಕಾದ. ಅವನಿಗೆ ನಡೆಯುವ ವಯಸ್ಸು ಬರುವ ಹೊತ್ತಿಗೆ ಮನೆಗೆ ಟ್ರ್ಯಾಕ್ಟರ್ ಬಂದು, ಎತ್ತೂ ಹೋಯಿತು, ಘಾಟಿಯೂ ಹೋಯಿತು. ಬಸ್ಸಿನಲ್ಲಿ ಹೋಗೋಣ ಎಂದರೆ ಬೇಡ ಅನ್ನುತ್ತಿದ್ದ. ತನ್ನ ಕಾಲ ಮೇಲೆ ದಾಟಬೇಕು, ಅದೇ ಅವನ ಆಸೆ.

ಅವನು ಹೀಗೆ ಹೇಳಿದ್ದೇ ತಡ, ಸುನೀಲ "ಸೂಪರ್ ಕಣ್ಲಾ!" ಎಂದ. ಸಂಜೆಯ ಹೊತ್ತಿಗೆ ವಾಟ್ಸಾಪ್ ಗ್ರೂಪು ಆಗಿತ್ತು, ಗ್ರೂಪಿಗೆ ಸುನೀಲನೇ ಅಡ್ಮಿನ್ ಆಗಿದ್ದ. ಕುಕ್ಕೆಗೆ ಹೋಗಿ ಸುಮ್ಮನೆ ಬರುವುದೇಕೆ, ಅಲ್ಲಿಂದ ಧರ್ಮಸ್ಥಳ, ಆಮೇಲೆ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಬೇಲೂರು, ಹಾಸನ, ಹೀಗೆ ಸುತ್ತಿ ಬರೋಣ ಎಂದು ದಾರಿಯೂ ಗೊತ್ತು ಮಾಡಿದ. ದಸರಾ ಕಳೆದ ಮೇಲೆ ಎಂದು ದಿನವನ್ನೂ ಅವನೇ ಇಟ್ಟ. ಎಲ್ಲರಿಗೂ ಹಳದಿ ಟೀ ಶರ್ಟು ಮಾಡಿಸಿದ, ಬೆನ್ನ ಮೇಲೆ ಅವರವರ ಹೆಸರು. ಎಲ್ಲಕ್ಕಿಂತ ಮೇಲೆ, ಹಾಸನಕ್ಕೆ ಹೋಗಿ ಗೇರಿನ ಸೈಕಲ್ ತಂದ. ಎತ್ತಿದರೆ ಕೋಳಿಮರಿಯಷ್ಟು ಹಗುರ, ಟೈರು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ.

"ಯೋಚ್ನೆ ನಂದು, ಊರೆಲ್ಲಾ ಸುನೀಲ್ನ ಟ್ರಿಪ್ಪು ಅಂತೈತೆ," ಎಂದು ಮೋಹನ ಡೇರಿಗೆ ಹಾಲು ಹಾಕಲು ಬಂದಾಗಲೆಲ್ಲ ನನ್ನೆದುರು ಗೊಣಗುತ್ತಿದ್ದ.

ಅದರ ಮೇಲೆ ಮಳೆ ಬೇರೆ ಕೈಕೊಟ್ಟಿತು. ನಮ್ಮ ಕಡೆ ಹೊಗೆಸೊಪ್ಪನ್ನು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮಣ್ಣುಗೋಡೆಯ ಮನೆಯೊಳಗೆ ನೇತು ಹಾಕಿ, ಹೊರಗಿನ ಒಲೆಯ ಕಾವಿನಲ್ಲಿ ಬೇಯಿಸುತ್ತಾರೆ. ಒಲೆ ಒಂದು ಸಲ ಹತ್ತಿತೆಂದರೆ ಸೊಪ್ಪು ಬಣ್ಣಕ್ಕೆ ಬರುವವರೆಗೆ ಹಗಲೂ ರಾತ್ರಿ ಯಾರಾದರೂ ಕಾಯಬೇಕು. ಕಾವು ಏರಿದರೆ ಹಸಿರಾಗಿ ನಿಲ್ಲುತ್ತದೆ, ಇಳಿದರೆ ಕಪ್ಪಾಗುತ್ತದೆ. ಮೋಹನನ ಕೊನೆಯ ಸುತ್ತಿನ ಸೊಪ್ಪು ಮಳೆಯಿಂದ ತಡವಾಗಿ, ಸರಿಯಾಗಿ ಹೊರಡುವ ವಾರವೇ ಹಣ್ಣಾಗಿ ಕೂತಿತು. ಮುರಿಯದೆ ಬಿಟ್ಟರೆ ಹೊಲದಲ್ಲೇ ಕೊಳೆಯುತ್ತಿತ್ತು.

ಸೊಪ್ಪು ಏರಿಸಿ ಒಲೆಗೆ ಪೂಜೆ ಮಾಡುವ ಹೊತ್ತಿಗೆ ಸುನೀಲ ಹೊಸ ಸೈಕಲ್ ತೋರಿಸಲು ಬಂದ. ಗಂಟೆ ಬಾರಿಸುತ್ತಲೇ ಅಂಗಳಕ್ಕೆ ಇಳಿದ. ಮೋಹನನ ತಾಯಿ ಬೆಟ್ಟಮ್ಮ, ನನ್ನ ಚಿಕ್ಕಮ್ಮ, ಕರ್ಪೂರ ಹಚ್ಚಿ ನಿಂತಿದ್ದವಳು ತಿರುಗಿ ನೋಡಿ ಮುಖ ಅರಳಿಸಿದಳು.

"ಒಳ್ಳೆ ಟೈಮ್ಗೆ ಬಂದೆ ಬಾ ಮಗ. ನಿನ್ ಕೈಗುಣ ಚೆನ್ನಾಗೈತೆ, ಒಲೆಗೆ ಕಡ್ಡಿ ನೀನೇ ಗೀರು," ಎಂದು ಬೆಂಕಿಪೊಟ್ಟಣ ಅವನ ಕೈಗೆ ಕೊಟ್ಟಳು.

ಬೆಂಕಿಪೊಟ್ಟಣಕ್ಕೆಂದು ಕೈ ಚಾಚಿದ್ದ ಮೋಹನ ಆ ಕೈಯನ್ನು ಹಾಗೇ ತಲೆಗೆ ಒಯ್ದು ಕೆರೆದುಕೊಂಡ. ಸುನೀಲ ಚಪ್ಪಲಿ ಬಿಟ್ಟು, ಕೈ ಮುಗಿದು, ಒಂದೇ ಕಡ್ಡಿಗೆ ಹಚ್ಚಿದ. ಸೌದೆ ಚಟಪಟ ಎಂದು ಹಿಡಿಯಿತು. "ನೋಡ್ದಾ?" ಎಂದಳು ಬೆಟ್ಟಮ್ಮ, ಮಗನ ಕಡೆಗೇ ನೋಡಿ. ಆ ರಾತ್ರಿ ಅವನು ಊಟ ಮಾಡಲಿಲ್ಲ ಎಂದು ಮಾನಸಾ ಮಾರನೆಯ ದಿನ ಹೇಳಿದಳು. "ನನ್ನೆತ್ತವ್ವ ಕಣಣ್ಣಯ್ಯ," ಎಂದ ಮೋಹನ ನನ್ನ ಹತ್ತಿರ. "ನನ್ ಕೈ ಏನ್ ಸೊಟ್ಟಗೈತಾ?"

ಆಮೇಲೆ ಪ್ರಯಾಣದ ಮಾತು ಬಂತು. ನಮ್ಮ ಮನೆತನದಲ್ಲಿ ಹಳೆಯ ಕಟ್ಟಳೆಯೊಂದಿದೆ: ಬ್ಯಾರನ್ ಒಲೆ ಹಚ್ಚಿದವರು ಬಾಗಿಲು ತೆಗೆಯುವ ತನಕ ಊರು ಬಿಡಬಾರದು. ಬೆಟ್ಟಮ್ಮ ಅದನ್ನು ಬಿಟ್ಟುಕೊಡುವ ಹೆಂಗಸಲ್ಲ. ಬ್ಯಾರನ್ ಮೋಹನನದು, ಒಲೆಯೂ ಅವನದು, ಆದ್ದರಿಂದ ಉಳಿಯಬೇಕಾದವನೂ ಅವನೇ ಎಂದು ಎಲ್ಲರೂ ಅಂದುಕೊಂಡೆವು. ಮೋಹನನೂ ಹಾಗೇ ಅಂದುಕೊಂಡ. ಇನ್ನೊಂದು ವಾರ ಮುಂದೆ ಹಾಕೋಣವೇ ಎಂದು ಸುನೀಲ ನಿಜವಾಗಿಯೂ ಕೇಳಿದ. ರಂಗಸ್ವಾಮಿಗೆ ಮಂಡಿಯಲ್ಲಿ ಆಗ ಬಿಡುವಿರಲಿಲ್ಲ, ನನಗೆ ಡೇರಿಯಲ್ಲಿ ಸಿಕ್ಕಿದ ರಜೆ ಮತ್ತೆ ಸಿಗುತ್ತಿರಲಿಲ್ಲ. "ನೀವೋಗಿ, ನಂದೇನು," ಎಂದ ಮೋಹನ. ಆ 'ನಂದೇನು' ಎಷ್ಟು ಭಾರವಾಗಿತ್ತೆಂದರೆ ಅದನ್ನು ಎತ್ತಲು ಇಬ್ಬರು ಬೇಕಿತ್ತು.

ಹೊರಟದ್ದು ರಾಮನಾಥಪುರದ ಹೊಳೆದಂಡೆಯ ದೇವಸ್ಥಾನದ ಮುಂದಿನಿಂದ. ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದು ನಮ್ಮಲ್ಲಿ ಬಿಡದ ಪದ್ಧತಿ. ಹಣ್ಣು ಚಪ್ಪಟೆಯಾದರೆ ಬಿದ್ದ ಕಣ್ಣೆಲ್ಲ ಅದರೊಡನೆ ಹೋಯಿತು ಎಂದು ಲೆಕ್ಕ. ನಿಂಬೆಹಣ್ಣು ಮೋಹನನ ಹಿತ್ತಲಿನದು. ಒಲೆಯ ಮುಂದೆ ಮಾನಸಾಳನ್ನು ಕೂರಿಸಿ, ಮೈಯೆಲ್ಲ ಹೊಗೆ ವಾಸನೆ ಹೊತ್ತುಕೊಂಡು, ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅವನೂ ಬಂದಿದ್ದ. ರಂಗಸ್ವಾಮಿಯ ಸೈಕಲ್ಲಿಗೂ ನನ್ನದಕ್ಕೂ ಸಣ್ಣ ಹಣ್ಣು ಇಟ್ಟ. ಸುನೀಲನ ಮುಂದಿನ ಚಕ್ರದ ಎದುರು ಕೂತು, ಚೀಲದಲ್ಲಿ ತಡಕಿ, ಎಲ್ಲಕ್ಕಿಂತ ದಪ್ಪದೊಂದು ತೆಗೆದ. ಇನ್ನೂ ಹಸಿರು, ಕಲ್ಲಿನಂತೆ ಗಟ್ಟಿ.

"ದೊಡ್ ಸೈಕಲ್ಗೆ ದೊಡ್ ಹಣ್ಣು," ಎಂದ.

ಲಾರಿಯಾದರೆ ಸರಿ, ಕಾರಾದರೂ ಸರಿ. ಹೆಬ್ಬೆರಳಿನಷ್ಟು ದಪ್ಪದ ಟೈರಿಗೆ ಕಲ್ಲುನಿಂಬೆ ಇಟ್ಟರೆ ಏನಾಗುತ್ತದೆ ಎಂದು ಅಲ್ಲಿದ್ದ ನಮ್ಮ ಯಾರ ತಲೆಗೂ ಹೋಗಲಿಲ್ಲ. ನಾನು, ರಂಗಸ್ವಾಮಿ ಸೈಕಲ್ ತಳ್ಳಿಕೊಂಡೇ ಹಣ್ಣು ದಾಟಿಸಿದೆವು. ಸುನೀಲ ಮಾತ್ರ ಯಾರೋ ವೀಡಿಯೋ ತೆಗೆಯುತ್ತಿದ್ದಾರೆ ಎಂದು ಹತ್ತಿ ಕೂತು, ಕೈ ಬೀಸಿ, ಜೋರಾಗಿ ತುಳಿದ. ಹಣ್ಣು ಚಪ್ಪಟೆಯಾಗಲಿಲ್ಲ, ಉರುಳಿತು. ಚಕ್ರ ಒಂದು ಕಡೆ, ಸುನೀಲ ಒಂದು ಕಡೆ. ಕಲ್ಲುಚಪ್ಪಡಿಯ ಮೇಲೆ ಬಲಗೈ ಊರಿ ಬಿದ್ದ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಚೆನ್ನಾಗಿ ಉಳುಕಿತ್ತು. ಪಟ್ಟಿ ಸುತ್ತಿ, ಸೈಕಲ್ ಮುಟ್ಟಬೇಡಿ ಎಂದು ಹೇಳಿ ಕಳಿಸಿದರು. ಮೋಹನ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ, ಮುಖ ಸಪ್ಪೆಯಾಗಿತ್ತು.

"ನನ್ ಕಣ್ಣೇ ಕಣಣ್ಣಯ್ಯ," ಎಂದ ಮೆಲ್ಲಗೆ. "ಅವತ್ತಿಂದ ಆ ಸೈಕಲ್ನ ನೋಡಿ ನೋಡಿ ಸುಟ್ಟಾಕ್ಬುಟ್ಟೆ. ಇವತ್ತು ಅವನ್ನ ಬೀಳ್ಸೇಬುಡ್ತು."

ನಿನ್ನ ಕಣ್ಣಲ್ಲ, ನಿನ್ನ ನಿಂಬೆಹಣ್ಣು ಎನ್ನಬೇಕೆನಿಸಿತು.

ಎಲ್ಲರೂ ಮೋಹನನ ಮನೆಗೇ ಬಂದೆವು. ಟ್ರಿಪ್ಪು ನಿಂತಿತು ಎಂದು ರಂಗಸ್ವಾಮಿ ಟೀ ಶರ್ಟು ಬಿಚ್ಚಲು ಶುರುಮಾಡಿದ. ಆಗ ಬೆಟ್ಟಮ್ಮ ಬ್ಯಾರನ್ ಮುಂದಿನ ಮಂಚದ ಮೇಲೆ ಕೂತು, ಉರಿಯುವ ಒಲೆಯನ್ನೇ ನೋಡುತ್ತಿದ್ದವಳು, ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡಳು.

"ಅಯ್ಯೋ ನನ್ ಬುದ್ಧಿಗೆ! ಈ ಒಲೆಗೆ ಕಡ್ಡಿ ಗೀರ್ದೋನ್ ಯಾರ್ಲಾ?"

ರಂಗಸ್ವಾಮಿ ಅರ್ಧ ಬಿಚ್ಚಿದ ಟೀ ಶರ್ಟಿನೊಳಗಿಂದ ತಲೆ ಹೊರಗೆ ಹಾಕಿದ.

"ಇವ್ನಲ್ವಾ?" ಎಂದು ಸುನೀಲನ ಕಡೆ ಬೆರಳು ಮಾಡಿದಳು. "ಕಡ್ಡಿ ಗೀರ್ದೋನು ಬಾಗ್ಲು ತೆಗೆಯೋಗಂಟ ಊರು ಬುಡ್ಬಾರ್ದು. ನೀನು ಬುಡಾಕೋದೆ, ಒಲೆ ಹಿಡ್ಕೊಂಡು ಎಳೀತು. ನಂಗೂ ಒಳೀಲೇ ಇಲ್ವಲ್ಲಪ್ಪಾ! ಮೋಹ್ನನ್ನ ಕಟ್ಟಾಕಿದ್ದು ತಪ್ಪು. ಅವ್ನು ಓಗ್ಬೌದು. ಇರ್ಬೇಕಾದೋನು ನೀನು."

ಸುನೀಲ ಪಟ್ಟಿ ಸುತ್ತಿದ ಕೈಯನ್ನೂ ಒಲೆಯನ್ನೂ ನೋಡಿದ. ಆಮೇಲೆ ನಕ್ಕುಬಿಟ್ಟ. "ಆಗ್ಲಿ ಕಣವ್ವ. ನಾನೇನ್ ಬ್ಯಾರನ್ ಕಾಯ್ದೋನಲ್ವಾ? ಒಂದ್ ಕೈ ಸಾಕು." ಬೆನ್ನ ಮೇಲೆ 'ಸುನೀಲ್' ಎಂದಿದ್ದ ಟೀ ಶರ್ಟನ್ನು ಒಂದೇ ಕೈಯಲ್ಲಿ ಒದ್ದಾಡಿ ಬಿಚ್ಚಿ ಮೋಹನನ ಮೇಲೆ ಎಸೆದ. "ನಿಂದನ್ನ ನೀನ್ ಬರಲ್ಲ ಅಂತ ಅಂಗ್ಡೀಲೇ ಬುಟ್ಬಂದೆ. ಇದ್ನೇ ಆಕ್ಕೋ. ಸೈಕಲ್ಲೂ ತಗೋ. ಓಗ್ಲಾ, ನಿಮ್ಮಪ್ಪ ಓಡಾಡಿದ್ ದಾರಿ."

ಮೋಹನನ ಕಣ್ಣು ತುಂಬಿ ಬಂದದ್ದು ನಿಜ. ನಾನು ನೋಡಿದೆ. ಆದರೆ ಸೈಕಲ್ ಹತ್ತಿ ಅಂಗಳ ದಾಟುವಾಗ ಹಿಂತಿರುಗಿ ನೋಡಿದನಲ್ಲ, ಅದೇ ತಪ್ಪಾಯಿತು. ಅಷ್ಟರಲ್ಲೇ ಬೆಟ್ಟಮ್ಮ ಮಂಚದ ಮೇಲೆ ಸುನೀಲನಿಗೆ ದಿಂಬು ಹಾಕಿದ್ದಳು. ಮಾನಸಾ ಯಜಮಾನನಿಗೆಂದೇ ಇಟ್ಟಿದ್ದ ದೊಡ್ಡ ಲೋಟದಲ್ಲಿ ಅವನಿಗೆ ಕಾಫಿ ತಂದಿದ್ದಳು.

"ಆ ಲೋಟ ನಂದು," ಎಂದ ಮೋಹನ. ಕೊಣನೂರು ಬರುವವರೆಗೆ ಬೇರೆ ಮಾತಿಲ್ಲ.

ಕೊಣನೂರಿನಲ್ಲಿ ಟೀಗೆ ನಿಂತಾಗ ಸುನೀಲನ ಗಿರಾಕಿಯೊಬ್ಬ ಹಿಂದಿನಿಂದ ಬಂದು, ಬೆನ್ನು ಓದಿ, "ಏನ್ ಸುನೀಲಣ್ಣ, ಹೊರಟ್ಬುಟ್ರಾ?" ಎಂದು ಕೂಗಿದ. ಮೋಹನ ತಿರುಗಲಿಲ್ಲ. ಗೇರು ಬೇರೆ ಅವನ ಮಾತು ಕೇಳುತ್ತಿರಲಿಲ್ಲ. ಏರಿನಲ್ಲಿ ಕರಕರ ಎಂದು ಚೈನು ಕಿತ್ತುಕೊಂಡು ಬರುತ್ತಿತ್ತು. "ಲೇ ಮೋಹ್ನ, ಅದು ಟ್ರ್ಯಾಕ್ಟರ್ ಗೇರಲ್ಲ ಕಣ್ಲಾ, ಮೆಲ್ಲುಕ್ ತಳ್ಳು," ಎಂದು ರಂಗಸ್ವಾಮಿ ಹಿಂದಿನಿಂದ ಛೇಡಿಸಿದ. ಶನಿವಾರಸಂತೆ ದಾಟಿದ ಮೇಲೆ ಗೇರು ಒಲಿಯಿತು. ಆದರೆ ಅಷ್ಟರಲ್ಲಿ ಅವನಿಗೆ ಬೇರೆ ಕಾಯಿಲೆ ಹಿಡಿದಿತ್ತು. ಸಿಗ್ನಲ್ ಸಿಕ್ಕಲ್ಲೆಲ್ಲ ಮನೆಗೆ ಫೋನು. ಮಾನಸಾಳ ಫೋನನ್ನು ಎತ್ತುತ್ತಿದ್ದವನು ಸುನೀಲ.

"ಕಾವು ಎಷ್ಟೈತೆ?"

"ಸರೀಗೈತೆ ಕಣ್ಲಾ, ನೀನ್ ರೋಡ್ ನೋಡ್ಕೊಂಡೋಗು. ಅವ್ವ ಅವ್ರೆಕಾಳ್ ಸಾರು ಮಾಡವ್ರೆ, ಮುದ್ದೆ ಮುರ್ಕೊಡ್ತಾವ್ರೆ, ಒಂದ್ ಕೈಲಿ ಆಗಲ್ವಲ್ಲ."

ಫೋನು ಇಟ್ಟು ಮೋಹನ ನನ್ನ ಮುಖ ನೋಡಿದ. "ನಂಗೆ ಮುದ್ದೆ ಮುರ್ದು ಕೊಟ್ಟು ಎಷ್ಟ್ ವರ್ಷಾಯ್ತು ಗೊತ್ತಾ ಅಣ್ಣಯ್ಯ?"

ಸಂಜೆ ವಣಗೂರಿನಲ್ಲಿ ಒಬ್ಬರ ಹೋಂಸ್ಟೇಯಲ್ಲಿ ತಂಗಿದೆವು. ಬೆಳಿಗ್ಗೆ ಎದ್ದು ಬಿಸಿಲೆ ಕಾಡಿನೊಳಕ್ಕೆ ನುಗ್ಗಿದೆವು. ಮರದ ಮೇಲೆ ಮರ, ಅದರ ಮೇಲೆ ಬಳ್ಳಿ, ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ನಮ್ಮ ಚೈನುಗಳದೇ ಸದ್ದು. ತಿರುವಿನಲ್ಲಿ ಆನೆ ಲದ್ದಿ ಬಿದ್ದಿತ್ತು. ನಾನು ಚಿಕ್ಕಪ್ಪನನ್ನು ನೆನೆದು ಇಳಿದು ಹೋಗಿ ಕೈ ಇಟ್ಟು ನೋಡಿದೆ. ತಣ್ಣಗಿತ್ತು. ಮೋಹನನಿಗೆ ತೋರಿಸಬೇಕೆಂದು ತಿರುಗಿದರೆ ಅವನು ಫೋನು ಮೇಲಕ್ಕೆತ್ತಿ ಸಿಗ್ನಲ್ ಹುಡುಕುತ್ತಿದ್ದ. ನನಗೆ ರೇಗಿತು. ಈ ದಾರಿಗಾಗಿ ಜೀವಮಾನ ಪೂರ್ತಿ ಬಾಯಿ ಬಿಟ್ಟುಕೊಂಡು ಕಾದವನು ಈಗ ದಾರಿಯ ಮೇಲೇ ಇಲ್ಲ.

ಬ್ಯೂಟಿ ಸ್ಪಾಟ್ ಎಂದು ಎಲ್ಲರೂ ಕರೆಯುವ ಜಾಗ ಬಂತು. ಎದುರಿಗೆ ಕುಮಾರ ಪರ್ವತ, ಅದರ ಬಗಲಲ್ಲಿ ಬೆಟ್ಟದ ಹಿಂದೆ ಬೆಟ್ಟ, ಕೆಳಗೆ ಕಣಿವೆಯಲ್ಲಿ ಮೋಡ ನಿಧಾನವಾಗಿ ಹೊರಳುತ್ತಿತ್ತು. ಚಿಕ್ಕಪ್ಪ ಹೇಳಿದ್ದು ಒಂದಕ್ಷರ ಸುಳ್ಳಲ್ಲ. ರಂಗಸ್ವಾಮಿ ಟೋಪಿ ತೆಗೆದು ನಿಂತ. ಮೋಹನ ಮಾತ್ರ ರಸ್ತೆ ಕಡೆಯ ಮೂಲೆಯಲ್ಲಿ, ಬೆಟ್ಟಗಳಿಗೆ ಬೆನ್ನು ಹಾಕಿ ನಿಂತಿದ್ದ. ಸಿಗ್ನಲ್ ಸಿಗುವುದು ಆ ಮೂಲೆಯಲ್ಲಿ ಮಾತ್ರ ಎಂದು ಅಲ್ಲಿ ಚುರುಮುರಿ ಮಾರುವವನು ಹೇಳಿದ್ದ.

ಟಣ್ ಎಂದು ಫೋಟೋ ಬಂತು. ಮಾನಸಾ ಕಳಿಸಿದ್ದು. ಬ್ಯಾರನ್ ಬಾಗಿಲು ತೆರೆದಿತ್ತು. ಸೊಪ್ಪು ಸಾಲುಸಾಲಾಗಿ ಇಳಿಬಿದ್ದು, ಮಾಗಿದ ಬಾಳೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಒಂದು ಕಪ್ಪು ಚುಕ್ಕೆಯಿಲ್ಲ. ಸುನೀಲ ಪಟ್ಟಿ ಸುತ್ತಿದ ಕೈಯಲ್ಲೇ ಒಂದು ಎಲೆ ಎತ್ತಿ ಹಿಡಿದು ನಗುತ್ತಿದ್ದ. ಬೆಟ್ಟಮ್ಮ ಅವನ ತಲೆ ಮೇಲೆ ಕೈ ಇಟ್ಟು ನಿಂತಿದ್ದಳು.

ಮೋಹನ ಎರಡು ಬೆರಳಿನಲ್ಲಿ ಆ ಎಲೆಯನ್ನು ದೊಡ್ಡದು ಮಾಡಿ ನೋಡಿದ, ಇನ್ನೂ ದೊಡ್ಡದು ಮಾಡಿದ.

"ನನ್ ಕೈಲಿ ಒಂದ್ ಸಲಾನೂ ಇಂಗ್ ಬಣ್ಣ ಬಂದಿಲ್ಲ ಕಣಣ್ಣಯ್ಯ," ಎಂದ. "ಅದು ನನ್ ಬ್ಯಾರನ್. ಅಲ್ನೋಡು, ನಮ್ಮವ್ವ. ನಾನಿಲ್ಲಿ ಈ ಪೊದೆ ಒಳ್ಗೆ ಏನ್ ಕಿಸೀತಿದೀನಿ?"

"ಲೋ," ಎಂದೆ ಸಿಟ್ಟಿನಿಂದ, "ಹಿಂದ್ಕಡೆ ತಿರುಗಿ ನೋಡೋ, ಪುಣ್ಯಾತ್ಮ."

ತಿರುಗಲಿಲ್ಲ. ಅಷ್ಟರಲ್ಲಿ ಸುನೀಲನ ಧ್ವನಿ ಸಂದೇಶವೊಂದು ಬಂತು. ಮೋಹನ ಕಿವಿಗಿಡದೆ ಹಾಗೇ ಒತ್ತಿದ.

"ಲೇ ಮೋಹ್ನ, ಬಿಸಿಲೆ ತಲುಪಿದ್ಯೇನ್ಲಾ? ರಾತ್ರಿಯೆಲ್ಲ ಒಲೆ ಮುಂದೆ ಕುಂತ್ಕಂಡು ನೀವೀಗ ಎಲ್ಲಿದ್ದೀರೋ, ಯಾವ್ ತಿರುವಲ್ಲಿದ್ದೀರೋ ಅಂತ ಅದೇ ಯೋಚ್ನೆ. ಅವ್ವ ಮುದ್ದೆ ಮುರ್ದು ಕೊಟ್ರೂ ಗಂಟಲಲ್ಲಿ ಇಳೀತಿಲ್ಲ ಕಣ್ಲಾ. ಸುಳ್ ಯಾಕ್ ಏಳ್ಲಿ, ಒಟ್ಟೆ ಉರೀತೈತೆ. ನನ್ ಸೈಕಲ್ಲು, ನನ್ ಶರ್ಟು, ಬೆಟ್ಟ ನೋಡ್ತಿರೋನು ನೀನು. ಮೊದ್ಲಿಂದ್ಲೂ ನೀನೇ ಕಣ್ಲಾ ಪುಣ್ಯ ಮಾಡಿರೋನು."

ಮೋಹನ ಮತ್ತೊಮ್ಮೆ ಒತ್ತಿದ. ಇನ್ನೊಮ್ಮೆ ಒತ್ತಿದ.

"ಕೇಳ್ಸ್ಕೊಂಡ್ಯಾ ಅಣ್ಣಯ್ಯ? ಸುನೀಲ್ಗೆ ಒಟ್ಟೆ ಉರೀತೈತಂತೆ." ಅವನ ಮುಖ ಹೂವಿನಂತೆ ಬಿಚ್ಚಿಕೊಂಡಿತು. ಅಷ್ಟು ಚೆಂದದ ನಗುವನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಫೋನನ್ನು ಜೇಬಿಗೆ ಹಾಕಿ, ಬಟನ್ ಹಾಕಿ, ಕೈ ಒರೆಸಿಕೊಂಡು ತಿರುಗಿದ. ತಿರುಗಿದವನು ಹಾಗೇ ನಿಂತ.

"ಅಪ್ಪಾ," ಎಂದ. ನನಗಲ್ಲ. ಬಹಳ ಹೊತ್ತು ನೋಡಿದ ಮೇಲೆ ನನ್ನ ತೋಳು ಹಿಡಿದು ಕೇಳಿದ: "ಇಷ್ಟೊತ್ತೂ ಇದು ಇಲ್ಲೇ ಇತ್ತಾ ಅಣ್ಣಯ್ಯ?"

"ಇತ್ತು ಕಣಪ್ಪ," ಎಂದೆ.

ಅವನು ಹೋಗಿ ಸೈಕಲ್ ಹತ್ತಿದ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಬಿಟ್ಟು, ಬೆನ್ನ ಮೇಲೆ ಸುನೀಲನ ಹೆಸರು ಹೊತ್ತು, ಎಲ್ಲರಿಗಿಂತ ಮುಂದೆ ಕೂಗುತ್ತಾ ಹೋದ. ನಾನು ಆ ಮೂಲೆಯಲ್ಲಿ ನಿಂತು ನನ್ನ ಫೋನನ್ನೂ ತೆಗೆದು ನೋಡಿದೆ. ಡೇರಿಯ ಹುಡುಗ ಕ್ಯಾನಿನ ಮುಚ್ಚಳ ಎಲ್ಲಿಟ್ಟಿದ್ದೀರಿ ಎಂದು ಕೇಳಿದ್ದ, ಅಷ್ಟೆ. ಇಷ್ಟು ವಯಸ್ಸಾಯಿತು, ನನ್ನನ್ನು ನೆನೆದು ರಾತ್ರಿಯೆಲ್ಲ ಹೊಟ್ಟೆ ಉರಿದುಕೊಂಡು ಎದ್ದಿರುವವನು ಒಬ್ಬನೂ ಇಲ್ಲ. ಕೊನೆಯವನಾಗಿ ಘಾಟಿ ಇಳಿಯುವಾಗ ಅವರಿಬ್ಬರ ಮೇಲೂ ನನಗೆ ಹೊಟ್ಟೆ ಉರಿಯಿತು.